ಬಾಡಿಗೆ ಇಲ್ಲದ ಗೋದಾಮು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬೀಡಿ ಬ್ರಾಂಚು ನಡೆಸುವವರಿಗೂ ಆ ಬ್ರಾಂಚುಗಳಿಗೆ ಎಲೆ, ಹೊಗೆಸೊಪ್ಪು ಕಳಿಸುವ ಕಂಪನಿಗಳ ಧಣಿಗಳಿಗೂ ನಮಸ್ಕಾರ.

ಮಳೆ ಹಿಡಿಯುವ ಮೊದಲೇ ಈ ಪತ್ರ ನಿಮಗೆ ಮುಟ್ಟಲಿ ಎಂದು ಈಗಲೇ ಬರೆಯುತ್ತಿದ್ದೇನೆ. ಜಡಿಮಳೆಯ ಆಟಿ ತಿಂಗಳಲ್ಲಿ ಬರೆದರೆ ಬೀಡಿ ಕಟ್ಟುವವರ ಮಾಮೂಲಿ ಗೋಳು ಎಂದು ಬದಿಗಿಟ್ಟುಬಿಡುತ್ತೀರಿ. ವಿಷಯ ಮಜೂರಿಯದ್ದಲ್ಲ. ಮಜೂರಿ, ತುಟ್ಟಿಭತ್ತೆಯ ಜಗಳವನ್ನು ಯೂನಿಯನಿನವರು ನಡೆಸುತ್ತಿದ್ದಾರೆ, ನಡೆಸಲಿ. ನಾನು ಕೇಳುವುದು ಬೇರೆ. ಬ್ರಾಂಚಿನಿಂದ ಚೀಲದಲ್ಲಿ ಹೊರಟ ನಿಮ್ಮ ಮಾಲು ಬೀಡಿಯಾಗಿ ಬ್ರಾಂಚಿಗೆ ವಾಪಸು ಬರುವ ತನಕ ಎಲ್ಲಿರುತ್ತದೆ? ಯಾವ ಹದದಲ್ಲಿರುತ್ತದೆ? ಆ ಹದ ಕಾಯುವ ಖರ್ಚು ಯಾರ ಲೆಕ್ಕದಲ್ಲಿ ಬರುತ್ತದೆ?

ಹೊಗೆಸೊಪ್ಪನ್ನು ಮನೆಯಲ್ಲಿ ಹದವಾಗಿ ಇಡುವುದು ಎಷ್ಟು ನಾಜೂಕಿನ ಕೆಲಸ ಎಂದು ತಿಳಿಯಬೇಕಾದರೆ ಚುರುಟು ಸೇದುವ ಶ್ರೀಮಂತರನ್ನು ಕೇಳಬೇಕು. ಅವರು ಚುರುಟು ಇಡುವುದಕ್ಕೆಂದೇ ಪೆಟ್ಟಿಗೆ ಮಾಡಿಸುತ್ತಾರೆ. ಅದರ ಒಳಮೈಗೆ ಸ್ಪ್ಯಾನಿಷ್ ಸೀಡರ್ ಎಂಬ ಮರದ ಹಲಗೆ ಹೊಡೆಸುತ್ತಾರೆ. (ಹೆಸರಿಗೆ ಸೀಡರ್, ನಿಜವಾಗಿ ಅದು ನಮ್ಮ ಕಹಿಬೇವಿನ ಕುಟುಂಬಕ್ಕೆ ಸೇರಿದ ಮರ.) ಒಳಗೆ ತೇವ ಅಳೆಯುವ ಮೀಟರು ಇರುತ್ತದೆ. ಬಿಸಿ 18ರಿಂದ 21 ಡಿಗ್ರಿ, ಗಾಳಿಯ ತೇವ ಶೇ. 65ರಿಂದ 70. ಈ ಲೆಕ್ಕ ತಪ್ಪಬಾರದು. ತೇವ ಕಡಿಮೆಯಾದರೆ ಮೇಲಿನ ಎಲೆ ಬಿರಿಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಸೆಕೆ ಏರಿದರೆ ಸೊಪ್ಪಿನಲ್ಲೇ ಅಡಗಿದ ಮೊಟ್ಟೆಯೊಡೆದು ಕಂದು ಬಣ್ಣದ ಸಣ್ಣ ಹುಳು ಹೊರಟು ಚುರುಟಿಗೆ ತೂತು ಕೊರೆಯುತ್ತದೆ. ಆ ಪೆಟ್ಟಿಗೆಗೆ ಸಾವಿರಗಟ್ಟಲೆ ರೂಪಾಯಿ ಕೊಡುವವರು ಇದ್ದಾರೆ. ಕೊಡಲಿ, ಅವರ ದುಡ್ಡು, ಅವರ ಹೊಗೆ.

ನಿಮ್ಮ ಬೀಡಿಯೂ ಅದೇ ಸೊಪ್ಪಿನದು. ಹಿಡಿಯುವ ಬೂಷ್ಟೂ ಅದೇ, ಕೊರೆಯುವ ಹುಳವೂ ಅದೇ. ಕಷ್ಟ ಮಾತ್ರ ಚುರುಟಿನದ್ದಕ್ಕಿಂತ ಹೆಚ್ಚು. ಚುರುಟಿಗೆ ಒಂದೇ ಹವೆ ಸಾಕು. ಬೀಡಿಗೆ ಒಂದೇ ಮನೆಯೊಳಗೆ ಮೂರು ಹವೆ ಬೇಕು. ಎಲೆ ಒದ್ದೆಯಿರಬೇಕು, ಹೊಗೆಸೊಪ್ಪಿನ ಹುಡಿ ಒಣಗಿರಬೇಕು, ಕಟ್ಟಿದ ಬೀಡಿ ಅದಕ್ಕಿಂತಲೂ ಗರಿಗರಿ ಇರಬೇಕು. ಈ ಮೂರೂ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲಿನ ಮನೆಯೊಳಗೆ, ಅನ್ನ ಬೇಯುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಆಗಬೇಕು.

ಧಣಿಗಳಲ್ಲಿ ಕೆಲವರು ಬೀಡಿ ಕಟ್ಟುವುದನ್ನು ಹತ್ತಿರದಿಂದ ನೋಡಿರಲಾರರು. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಕಡೆಯ ಕಾಡುಗಳಿಂದ. ಬೇಸಿಗೆಯಲ್ಲಿ ಕೊಯ್ದು ಬಿಸಿಲಿಗೆ ಹರವಿ ಒಣಗಿಸಿದ ತೆಂಡು ಎಲೆ ಅದು. ನಮ್ಮಲ್ಲಿ ಬರೀ ಬೀಡಿ ಎಲೆ. ಕೈಗೆ ಬರುವಾಗ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಬೀಡಿ ಕಟ್ಟುತ್ತಿದ್ದ ನನ್ನ ಅಮ್ಮ ಎಲೆಯ ಕಟ್ಟನ್ನು ಬಾಲ್ದಿಯ ನೀರಿನಲ್ಲಿ ಅದ್ದಿ ತೆಗೆದು, ನೀರು ಬಸಿದು, ಒದ್ದೆ ಗೋಣಿಯಲ್ಲಿ ಸುತ್ತಿ ಮೇಲೆ ಭಾರ ಇಡುತ್ತಿದ್ದರು. ಎಷ್ಟು ಹೊತ್ತು ಅದ್ದಬೇಕು ಎಂಬುದಕ್ಕೆ ಗಡಿಯಾರ ಇಲ್ಲ. ಎಲೆಯ ದಪ್ಪ ನೋಡಬೇಕು, ಆ ದಿನದ ಹವೆ ನೋಡಬೇಕು. ಬೆಳಿಗ್ಗೆ ಒಂದು ಎಲೆ ತೆಗೆದು ನರಕ್ಕೆ ಅಡ್ಡವಾಗಿ ಮಡಚುತ್ತಿದ್ದರು. ಚಟ್ ಎಂದರೆ ಇನ್ನೂ ಆಗಲಿಲ್ಲ. ಸದ್ದಿಲ್ಲದೆ ಬಟ್ಟೆಯಂತೆ ಮಡಚಿದರೆ ಹದ ಬಂತು. ಕೈಗೆ ನೀರು ಅಂಟಿದರೆ ಹೆಚ್ಚಾಯಿತು, ಸಂಜೆಯೊಳಗೆ ಬೂಷ್ಟಿನ ವಾಸನೆ ಶುರು.

ಆಮೇಲೆ ಅಳತೆಯ ತಗಡಿಟ್ಟು ಕತ್ತರಿಯಲ್ಲಿ ಕತ್ತರಿಸುವುದು. ದಪ್ಪ ನರ, ತೂತು, ಕಲೆ ಎಲ್ಲ ತಪ್ಪಿಸಿ ಒಂದೆಲೆಯಲ್ಲಿ ಎಷ್ಟು ತುಂಡು ಸಿಗುತ್ತದೆ ಎಂಬುದೇ ಕೈಚಳಕ. ಕತ್ತರಿಸಿದ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲ ಹತ್ತಿರವೇ ಇಡಬೇಕು. ಮಡಿಲಲ್ಲಿಟ್ಟ ತಡ್ಪೆಯ, ಅಂದರೆ ಮೊರದ, ಇನ್ನೊಂದು ಬದಿಯಲ್ಲಿ ಹೊಗೆಸೊಪ್ಪಿನ ಹುಡಿ. ಒಂದು ಕೈಯಳತೆಯೊಳಗೆ ಒದ್ದೆಯದ್ದೂ ಒಣಗಿದ್ದೂ ಒಟ್ಟಿಗೆ. ಒದ್ದೆ ಬೆರಳು ಹುಡಿಗೆ ಹೋದರೆ ಹುಡಿ ಮುದ್ದೆ ಕಟ್ಟುತ್ತದೆ, ಒಣಬೆರಳಿನಲ್ಲಿ ಸುತ್ತಿದರೆ ಎಲೆ ಜಾರುತ್ತದೆ.

ಬೇಸಿಗೆಯಲ್ಲಿ ಸುತ್ತುವಷ್ಟರಲ್ಲಿ ಎಲೆ ಒಣಗಿ ಬಿರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪುತ್ತೂರಿನ ಸೆಕೆ ನಿಮಗೂ ಗೊತ್ತು. ಬ್ರಾಂಚಿನಲ್ಲಿ ನಿಮ್ಮ ತಲೆ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಬೀಡಿ ಕಟ್ಟುವಲ್ಲಿ ಫ್ಯಾನು ಹಾಕುವ ಹಾಗಿಲ್ಲ, ಹಾಕಿದರೆ ಹುಡಿ ಹಾರುತ್ತದೆ, ಎಲೆ ಒಣಗುತ್ತದೆ. ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಬೆವರು ಒರೆಸಿಕೊಂಡು ಕೂರಬೇಕು. ಅಂದರೆ ಆ ಮನೆಯ ಹವೆಯನ್ನು ತೀರ್ಮಾನ ಮಾಡುವುದು ಮನೆಯವರಲ್ಲ, ನಿಮ್ಮ ಮಾಲು.

ಮಳೆಗಾಲದ ಕತೆ ಇನ್ನೊಂದು. ನಮ್ಮ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಘಟ್ಟದ ಬುಡದ ಸುಬ್ರಹ್ಮಣ್ಯ, ಪಂಜದ ಕಡೆ ಇನ್ನೂ ಜಾಸ್ತಿ. ಜುಲೈಯಲ್ಲಿ ಗಾಳಿಯ ತೇವ ವಾರಗಟ್ಟಲೆ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಚುರುಟಿನವರು ಶೇ. 70 ದಾಟಿದರೆ ಗಾಬರಿಯಾಗುತ್ತಾರೆ. ನಮ್ಮಲ್ಲಿ ಬೆಂಕಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ, ಗೋಡೆಯಲ್ಲಿ ನೀರು ಜಿನುಗುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥಲ್ಲಿ ಕಟ್ಟಿದ ಬೀಡಿ ಗರಿಗರಿ ಇರಬೇಕು ಎಂದರೆ ಇರುವುದು ಒಂದೇ ದಾರಿ, ಬೆಂಕಿ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲ ಹಂಡೆಯ ಒಲೆಯ ಪಕ್ಕದಲ್ಲೋ ತಡ್ಪೆ ಇಟ್ಟು ಬೀಡಿ ಕಾಯಿಸಬೇಕು. ಕಟ್ಟಿಗೆಯೂ ಹಸಿ, ಹೊಗೆ ಮನೆ ತುಂಬ. ಬಿಸಿ ಸ್ವಲ್ಪ ಹೆಚ್ಚಾದರೆ ಎಲೆಯ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಬೆಳಿಗ್ಗೆಗೆ ಮತ್ತೆ ಹಸಿ. ಮಗುವಿನ ಬಟ್ಟೆಗೆ ಆ ಬೆಂಕಿಯಲ್ಲಿ ಎರಡನೇ ಸರದಿ. ಮೊದಲನೆಯದು ನಿಮ್ಮ ಬೀಡಿಗೆ.

ಮರುದಿನ ಕೊಡೆ ಹಿಡಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೀಡಿಯನ್ನು ಸೆರಗಿನಲ್ಲಿ ಅವುಚಿಕೊಂಡು ಬ್ರಾಂಚಿಗೆ ಹೋದರೆ ಚೆಕ್ಕರು ಹೆಬ್ಬೆರಳಿನಲ್ಲಿ ಕಟ್ಟನ್ನು ಒತ್ತಿ ನೋಡುತ್ತಾರೆ. “ಹಸಿ ಉಂಟು” ಎನ್ನುತ್ತಾರೆ. ಒಂದು ಹಿಡಿ ಬೀಡಿ ಆಚೆ ಹೋಗುತ್ತದೆ. ಆಚೆ ಹೋದ ಬೀಡಿ ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ನಾಳೆ ಒಳ್ಳೆಯ ಎಲೆ ಬೇಕಲ್ಲ. ಬ್ರಾಂಚಿನಿಂದ ಮೇಲೆ ಹೋದ ಬೀಡಿಯನ್ನು ಲೇಬಲ್ ಹಚ್ಚುವ ಮೊದಲು ಕಂಪನಿಯ ಭಟ್ಟಿಯಲ್ಲಿ ಹೇಗೂ ಕಾಯಿಸುತ್ತಾರೆ. ಭಟ್ಟಿ ಇರುವುದೇ ತೇವ ತೆಗೆಯುವುದಕ್ಕೆ. ಹಾಗಾದರೆ ಆಟಿಯಲ್ಲಿ ಬೀಡಿ ಹಸಿಯಾಗಿದೆ ಎಂದು ಕಟ್ಟಿದವಳ ಮಜೂರಿ ಕಳೆಯುವುದಕ್ಕೆ ಏನು ನ್ಯಾಯ? ಮಳೆ ಅವಳು ತಂದದ್ದಲ್ಲ.

ತೂಕದ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರಾಂಚಿನವರಲ್ಲಿ ಕೆಲವರು ಬೇಕೆಂದೇ ತೂಕ ಕಡಿಮೆ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ಹೊಗೆಸೊಪ್ಪು ಗಾಳಿಯ ನೀರು ಕುಡಿಯುವ ವಸ್ತು. ಸಾವಿರ ಬೀಡಿಗೆ ಇನ್ನೂರು ಗ್ರಾಂ ಚಿಲ್ಲರೆ ಹುಡಿ ತೂಗಿ ಕೊಡುತ್ತೀರಿ. ಬಾಯಿ ಬಿಚ್ಚಿದ ಗೋಣಿಯಲ್ಲಿ ವಾರ ಇದ್ದ ಹುಡಿ ಜುಲೈಯಲ್ಲಿ ತಕ್ಕಡಿಗೆ ಬಂದಾಗ ಆ ತೂಕದಲ್ಲಿ ನೀರೂ ಸೇರಿರುತ್ತದೆ. ಮನೆಯಲ್ಲಿ ಒಲೆ ಬದಿಯಲ್ಲಿಟ್ಟು ಆರಿಸಿದ ಮೇಲೆ ಅದು ಸಾವಿರಕ್ಕೆ ಸಾಲುವುದಿಲ್ಲ. ಕಡಿಮೆಯಾದ ಹುಡಿಯನ್ನು ಅಂಗಡಿಯಿಂದಲೋ ನೆರೆಮನೆಯಿಂದಲೋ ತಂದು ಸಾವಿರ ಭರ್ತಿ ಮಾಡುವವಳು ಯಾರು? ಎಲೆಯದ್ದೂ ಹೀಗೇ. ತೂತು, ಕಲೆಯ ಎಲೆ ಕಟ್ಟಿನಲ್ಲಿ ಬಂದರೆ ತೂಕ ಸರಿಯಿದ್ದರೂ ತುಂಡು ಸಾಲುವುದಿಲ್ಲ. ಕೈಯಿಂದ ದುಡ್ಡು ಹಾಕಿ ಎಲೆ ಕೊಂಡು ಬೀಡಿ ಭರ್ತಿ ಮಾಡಿದ ಮನೆಗಳು ಕುಂಬ್ರದಲ್ಲಿ, ಬೆಳ್ಳಾರೆಯಲ್ಲಿ, ಆಲಂಕಾರಿನಲ್ಲಿ ಬೇಕಷ್ಟು ಸಿಗುತ್ತವೆ. ಬ್ಯಾರಿಗಳ ಮನೆ, ಬಿಲ್ಲವರ ಮನೆ, ಗೌಡರ ಮನೆ ಎಂಬ ಭೇದ ಇದಕ್ಕಿಲ್ಲ.

ಇನ್ನು ಕಾನೂನು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಹೆಸರಿನಲ್ಲಿ ಬೀಡಿಯೂ ಚುರುಟೂ ಅಕ್ಕಪಕ್ಕ ಕೂತಿರುವುದನ್ನು ನೋಡಿ. ಎಲೆ ಒದ್ದೆ ಮಾಡುವುದು, ಕತ್ತರಿಸುವುದು ಎಂಬ ಮಾತು ಆ ಕಾಯ್ದೆಯಲ್ಲೇ ಇತ್ತು. ಕಾರ್ಖಾನೆಯ ಕೆಲಸಗಾರರು ಅದನ್ನು ಹೊರಗೆ ಮಾಡಬೇಕಾದರೆ ರಾಜ್ಯ ಸರಕಾರದ ಅನುಮತಿ ಬೇಕು, ಹಾಗೆ ಮಾಡಿದ ಕೆಲಸಕ್ಕೆ ಲೆಕ್ಕ ಇಡಬೇಕು ಎಂದು 29ನೇ ಕಲಮು ಹೇಳುತ್ತಿತ್ತು. ಬೀಡಿ ಮಾಡುವ ಯಾವ ಕೆಲಸವೂ ಕಾರ್ಖಾನೆಯಿಂದ ಹೊರಗೆ ನಡೆಯಬಾರದು ಎಂದೂ ಹೇಳುತ್ತಿತ್ತು. ಕೂಡಲೇ ಒಂದು ಬಾಲ. ಮನೆಗೆ ಎಲೆ, ಹೊಗೆಸೊಪ್ಪು ಕೊಟ್ಟು ಮಾಡಿಸುವವರಿಗೆ ಇದು ಅನ್ವಯಿಸುವುದಿಲ್ಲ! ಕಾರ್ಖಾನೆಯಲ್ಲಾದರೆ ಗಾಳಿಯಾಡಬೇಕು, ಧೂಳು ಹೋಗಬೇಕು, ಕೈಕಾಲು ತೊಳೆಯಲು ಜಾಗ ಬೇಕು. ಅದೇ ಎಲೆ ಅಡುಗೆಮನೆಗೆ ಬಂದರೆ ಏನೂ ಬೇಡ. ಇಡೀ ಉದ್ಯಮ ಆ ಬಾಲದ ಮೇಲೆ ಕೂತಿದೆ.

ಈ ಕಾಯ್ದೆಯನ್ನೇ ಪ್ರಶ್ನಿಸಿ ಬೀಡಿ ಉದ್ಯಮದವರು ಸುಪ್ರೀಂ ಕೋರ್ಟಿನ ತನಕ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ಹೆಸರಿನಲ್ಲೇ ಆ ಮೊಕದ್ದಮೆ ವರದಿಯಾಗಿದೆ. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಎಲೆ, ಹೊಗೆಸೊಪ್ಪು ಕೊಡುವುದರಲ್ಲಿ, ಬೀಡಿ ತಿರಸ್ಕರಿಸುವುದರಲ್ಲಿ, ತಿರಸ್ಕರಿಸಿದ್ದರ ಮಜೂರಿಯಲ್ಲಿ ತಕರಾರು ಬಂದರೆ ಸರಕಾರ ನೇಮಿಸಿದ ಅಧಿಕಾರಿಯೇ ಚುಟುಕಾಗಿ ಇತ್ಯರ್ಥ ಮಾಡಬೇಕೆಂದು 39ನೇ ಕಲಮು ಹೇಳುತ್ತಿತ್ತು. ಈಗ ಆ ಕಾಯ್ದೆಯನ್ನು ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗೆಗಿನ 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ. ಮನೆಯಲ್ಲಿ ಬೀಡಿ ಕಟ್ಟಿಸುವುದಕ್ಕೆ ಕೊಟ್ಟ ರಿಯಾಯಿತಿ ಮಾತ್ರ ಅಲ್ಲಿಯೂ ಹಾಗೇ ಮುಂದುವರಿದಿದೆ. ಸುರಕ್ಷತೆ ಎಂಬ ಹೆಸರು ಹೊತ್ತ ಸಂಹಿತೆಯಲ್ಲಿ.

ಸುರಕ್ಷತೆ ಅಂದರೆ ಬರೀ ಕೆಮ್ಮು, ಬೆನ್ನುನೋವಿನ ಮಾತಲ್ಲ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕೆ ಇಳಿಯುತ್ತದೆ, ಒದ್ದೆ ಚರ್ಮವಾದರೆ ಇನ್ನೂ ಸಲೀಸು. ಹೊಗೆಸೊಪ್ಪಿನ ಹೊಲದಲ್ಲಿ ಮಂಜು, ಮಳೆಗೆ ನೆನೆದ ಹಸಿ ಸೊಪ್ಪು ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದನ್ನು ಡಾಕ್ಟರುಗಳು ಒಂದು ಕಾಯಿಲೆ ಎಂದೇ ಗುರುತಿಸಿದ್ದಾರೆ. ಬೀಡಿ ಕಟ್ಟುವವಳ ಬೆರಳು ದಿನವಿಡೀ ಒದ್ದೆ ಎಲೆಯಲ್ಲಿ, ಹುಡಿಯಲ್ಲಿ. ಅದೇ ಹುಡಿ ರಾತ್ರಿ ಮಲಗುವ ಕೋಣೆಯ ಮೂಲೆಯಲ್ಲಿ, ಬಾಯಿ ಸರಿಯಾಗಿ ಮುಚ್ಚದ ಪ್ಲಾಸ್ಟಿಕ್ ಕವರಿನಲ್ಲಿ. ನಮ್ಮ ಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿತ್ತು. ಮುಚ್ಚಳಕ್ಕೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಗಾಳಿ ಹೋಗದ ಹಾಗೆ ಮಾಡಿದ್ದರು ಅಮ್ಮ. ಮಳೆಗಾಲದಲ್ಲಿ ಹುಡಿ ಕೆಡದಿದ್ದದ್ದು ಆ ಡಬ್ಬಿಯಿಂದ. ತೊಟ್ಟಿಲಿನ ಮಗುವಿನ ಮೂಗಿಗೆ ಹುಡಿ ಹಾರದಿದ್ದದ್ದೂ ಅದರಿಂದಲೇ. ಅದನ್ನು ಬ್ರಾಂಚಿನವರು ಕೊಟ್ಟದ್ದಲ್ಲ.

ನಿಮ್ಮ ಉತ್ತರ ಏನೆಂದು ನನಗೆ ಗೊತ್ತು. “ಮನೆಯಲ್ಲೇ ಕೂತು ಮಾಡುವ ಕೆಲಸ, ಹೆಂಗಸರಿಗೆ ಎಷ್ಟು ಅನುಕೂಲ!” ಅದು ಪೂರ್ತಿ ಸುಳ್ಳಲ್ಲ. ದನಕ್ಕೆ ಹುಲ್ಲು ಹಾಕಿ, ಅನ್ನಕ್ಕಿಟ್ಟು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕೊಟ್ಟು ನಡುನಡುವೆ ಕಟ್ಟಿದ ಬೀಡಿಯಿಂದಲೇ ಎಷ್ಟೋ ಮಕ್ಕಳ ಶಾಲೆಯ ಫೀಸು ಹೋಗಿದೆ, ನನ್ನದೂ. ಗಂಡನ ಕೈ ನೋಡದೆ ಹೆಂಗಸಿನ ಹೆಸರಿಗೆ ಪಿ.ಎಫ್. ಜಮೆಯಾದದ್ದು ನಮ್ಮೂರಿನಲ್ಲಿ ಮೊದಲು ಬೀಡಿಯಿಂದಲೇ ಇರಬೇಕು. ಆದರೆ ಅನುಕೂಲ ಇಬ್ಬರಿಗೂ ಉಂಟು. ನಿಮಗೆ ಸಾವಿರಾರು ಮನೆಗಳಲ್ಲಿ ಬಾಡಿಗೆ ಇಲ್ಲದ ಗೋದಾಮು, ನೀರಿನ ತೊಟ್ಟಿ, ಒಣಗಿಸುವ ಭಟ್ಟಿ ಸಿಕ್ಕಿತು. ಕಟ್ಟಿಗೆಯ ಖರ್ಚೂ ಅವಳದ್ದೇ.

ಬೇರೆ ದಾರಿ ಇಲ್ಲ ಎಂದು ಹೇಳಬೇಡಿ, ದಾರಿ ಜಾಲ್ಸೂರು ದಾಟಿ ಕೇರಳಕ್ಕೆ ಹೋದರೆ ಸಿಗುತ್ತದೆ. 1968ರಲ್ಲಿ ಕೇರಳ ಸರಕಾರ ಈ ಕಾಯ್ದೆಯನ್ನು ಜಾರಿ ಮಾಡಹೊರಟಾಗ ಮಂಗಳೂರಿನ ಬೀಡಿ ಕಂಪನಿಗಳು ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿದವು. ಸುಮಾರು 12,000 ಜನ ಬೀದಿಗೆ ಬಿದ್ದರು. 1969ರ ಫೆಬ್ರವರಿ 15ರಂದು ಅವರೇ ಸೇರಿ ದಿನೇಶ್ ಬೀಡಿ ಸಹಕಾರಿ ಸಂಘ ಶುರುಮಾಡಿದರು. ಅಲ್ಲಿ ಬೀಡಿ ಕಟ್ಟಿದ್ದು ಮನೆಯಲ್ಲಲ್ಲ, ಸಂಘದ ಶೆಡ್ಡಿನಲ್ಲಿ. ಎಲೆ, ಹೊಗೆಸೊಪ್ಪು ಸಂಘದ ಜಾಗದಲ್ಲಿ, ಕೆಲಸಕ್ಕೆ ಹೊತ್ತುಗೊತ್ತು. ಕೆಲಸ ಮುಗಿಸಿ ಮನೆಗೆ ಹೋಗುವಾಗ ಹುಡಿ ಅವರ ಜೊತೆ ಮನೆಗೆ ಹೋಗುತ್ತಿರಲಿಲ್ಲ. ಒಬ್ಬರು ಗಟ್ಟಿಯಾಗಿ ಪೇಪರು ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು ಆ ಶೆಡ್ಡುಗಳ ಪದ್ಧತಿ. ಕ್ಯೂಬಾದ ಹವಾನಾದಲ್ಲಿಯೂ ಚುರುಟು ಸುತ್ತುವವರಿಗೆ ಕಾರ್ಖಾನೆಯಲ್ಲಿ ಓದಿ ಹೇಳುವ ಕ್ರಮ 1865ರಿಂದ ಉಂಟು. ನಮ್ಮ ಕಡೆ ಬೀಡಿ ಕಟ್ಟುವವಳು ಒಬ್ಬಳೇ ಗೋಡೆಗೊರಗಿ ಕೂತಿರುತ್ತಾಳೆ, ಕಿವಿಗೆ ಸಿಕ್ಕಿದ್ದು ಹೆಚ್ಚೆಂದರೆ ರೇಡಿಯೋ, ಈಗ ಟೀವಿ ಧಾರಾವಾಹಿ. ಬೀಡಿಗೆ ಗಿರಾಕಿ ಕಡಿಮೆಯಾದಾಗ ಅದೇ ಸಂಘ ಕೊಡೆ, ತಿಂಡಿ ಸಾಮಾನು, ಸಾಫ್ಟ್‌ವೇರು ತನಕ ಕೈ ಹಾಕಿತು. ಒಂದೇ ಜಾಗದಲ್ಲಿ ಒಟ್ಟಿಗೆ ಕೂತವರಿಗೆ ಹಾಗೆ ಕೆಲಸ ಬದಲಿಸಲು ಸಾಧ್ಯವಾಯಿತು. ಒಂದೊಂದೇ ಮನೆಯಲ್ಲಿ ಕೂತವರಿಗೆ ಆಗುವುದಿಲ್ಲ.

“ಬೀಡಿಯ ಕಾಲವೇ ಮುಗಿಯಿತು, ಈಗ ಇದೆಲ್ಲ ಯಾಕೆ?” ಎಂದೂ ಕೇಳುತ್ತೀರಿ. ಬೀಡಿ ಸೇದುವವರನ್ನು ಕೊಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯ ಇಲ್ಲ. ಈ ಉದ್ಯಮ ಇನ್ನೂ ನೂರು ವರ್ಷ ಬಾಳಲಿ ಎಂದು ನಾನು ಹಾರೈಸುವುದೂ ಇಲ್ಲ. ಹೊಸ ಹುಡುಗಿಯರು ತಡ್ಪೆ ಹಿಡಿಯುತ್ತಿಲ್ಲ. ಗೇರುಬೀಜದ ಫ್ಯಾಕ್ಟರಿಗೋ ಬಟ್ಟೆ ಅಂಗಡಿಗೋ ನರ್ಸಿಂಗಿಗೋ ಹೋಗುತ್ತಾರೆ, ಒಳ್ಳೆಯದೇ. ಭಾರತ 2004ರಲ್ಲಿ ಒಪ್ಪಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ತಂಬಾಕಿನ ಕೆಲಸಗಾರರಿಗೆ ಬೇರೆ ದುಡಿಮೆ ಒದಗಿಸಬೇಕು ಎಂದು 17ನೇ ವಿಧಿಯಲ್ಲಿ ಉಂಟು, ಆ ಕೆಲಸ ಮಾಡುವವರ ಆರೋಗ್ಯದ ಮಾತು 18ರಲ್ಲಿ ಉಂಟು. ಅದು ಸರಕಾರ ಮಾಡಬೇಕಾದ್ದು, ಅವರಿಗೆ ಬೇರೆ ಪತ್ರ ಬರೆಯಬೇಕು. ಆದರೆ ಐವತ್ತು ದಾಟಿದ, ಬೇರೆ ಕೆಲಸಕ್ಕೆ ಯಾರೂ ಕರೆಯದ ಹೆಂಗಸರು ಈ ಮಳೆಗಾಲದಲ್ಲಿಯೂ ನಿಮಗೆ ಬೀಡಿ ಕಟ್ಟುತ್ತಾರೆ. ನಾನು ಕೇಳುವುದು ಅವರಿಗಾಗಿ.

ದೊಡ್ಡದೇನೂ ಕೇಳುವುದಿಲ್ಲ. ಬ್ರಾಂಚಿನ ಪಾಸ್‌ಬುಕ್ ಇರುವ ಪ್ರತಿಯೊಬ್ಬರಿಗೂ ಬಿಗಿಯಾಗಿ ಮುಚ್ಚುವ ಎರಡು ಡಬ್ಬಿ ಕೊಡಿ, ಹುಡಿಗೊಂದು, ಕಟ್ಟಿದ ಬೀಡಿಗೊಂದು. ಬ್ರಾಂಚಿನ ಹುಡಿಗೋಣಿಯ ಬಾಯಿ ಕಟ್ಟಿಡಿ, ನೆಲದ ಮೇಲಲ್ಲ, ಹಲಗೆಯ ಮೇಲಿಡಿ, ಆ ದಿನಕ್ಕೆ ಬೇಕಾದಷ್ಟನ್ನೇ ಬಿಚ್ಚಿ ತೂಗಿ. ಜೂನಿನಿಂದ ಸೆಪ್ಟೆಂಬರಿನ ತನಕ ಹಸಿ ಎಂಬ ಒಂದೇ ಕಾರಣಕ್ಕೆ ಬೀಡಿ ಆಚೆ ಹಾಕಬೇಡಿ. ಹಾಕಲೇಬೇಕೆಂದರೆ ಎಷ್ಟು ಹಾಕಿದಿರಿ ಎಂದು ಅವಳ ಪುಸ್ತಕದಲ್ಲಿ ಬರೆದು, ಆ ಬೀಡಿಯನ್ನು ಅವಳ ಕೈಗೇ ವಾಪಸು ಕೊಡಿ. ಒಲೆಯ ಬದಿಯಲ್ಲಿಟ್ಟು ನಾಳೆ ತರುತ್ತಾಳೆ. ಕಂಪನಿಯವರಿಗೆ ಇನ್ನೊಂದು ಮಾತು. ಉಪ್ಪಿನಂಗಡಿ, ಕಡಬ, ಬೆಳ್ಳಾರೆಯಂಥ ಕಡೆ ಒಂದೊಂದು ಶೆಡ್ಡು ಹಾಕಿಸಿ. ಸೋರದ ಮಾಡು, ಎಲೆ ಅದ್ದಲು ತೊಟ್ಟಿ, ಗಾಳಿಯಾಡುವ ಕಿಟಕಿ, ಬೀಡಿ ಒಣಗಿಸಲು ಒಂದು ಬಿಸಿ ಕೋಣೆ, ಹುಡಿಗೆ ಬೀಗದ ಕೋಣೆ ಇರಲಿ. ಬರುವವರು ಬರಲಿ, ಮನೆ ಬಿಟ್ಟು ಬರಲಾಗದವರು ಎಲೆಯನ್ನಾದರೂ ಅಲ್ಲಿ ಅದ್ದಿಕೊಂಡು ಹೋಗಲಿ, ಕಟ್ಟಿದ ಬೀಡಿಯನ್ನು ಅಲ್ಲಿ ಕಾಯಿಸಿಕೊಳ್ಳಲಿ. ದುಡ್ಡೆಲ್ಲಿಂದ ಎಂದು ಕೇಳಬೇಡಿ. 2025ರ ಸೆಪ್ಟೆಂಬರಿನಲ್ಲಿ ಆದ ತೀರ್ಮಾನದಂತೆ ಬೀಡಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ, ಎಲೆಯದ್ದು ಶೇ. 18ರಿಂದ 5ಕ್ಕೆ ಇಳಿದಿದೆ. ಬೀಡಿ ಕಾರ್ಮಿಕರ ಹೊಟ್ಟೆಪಾಡಿನ ಹೆಸರು ಹೇಳಿಯೇ ಆ ಇಳಿಕೆಯನ್ನು ಸಮರ್ಥಿಸಿಕೊಂಡವರು ಇದ್ದಾರೆ.

ಕೊನೆಗೊಂದು ಮಾತು ಬ್ರಾಂಚಿನವರಿಗೆ. ಡಬ್ಬಿ ಕೊಡಲು ಒಪ್ಪಿದರೆ ಸಂತೋಷ. ಅದರ ದುಡ್ಡನ್ನು ಮಾತ್ರ ಸಾವಿರದ ಲೆಕ್ಕದಲ್ಲಿ ಮುರಿದುಕೊಳ್ಳಬೇಡಿ.

ಇತಿ,
ಬೀಡಿ ಕಟ್ಟುವವರ ಮನೆಯ ಮಗಳು
ಕಡಬ ತಾಲೂಕು